ಬಿಸಿಲನ್ನು ಗೆದ್ದ ದೇವಿ ಲಸಿಕೆ

ಖಾನಾಪುರದ ಕಡೆಯಿಂದ ಮಚ್ಛೆ, ಉದ್ಯಮಬಾಗಗಳನ್ನು ಹಾದು ಬೆಳಗಾವಿಗೆ ಬರುವವರಿಗೆ ನಗರದ ಅಂಚಿನಲ್ಲಿ ಟಿಳಕವಾಡಿ ಸಿಗುತ್ತದೆ. ಅಲ್ಲಿಯ ‘ವ್ಯಾಕ್ಸಿನ್ ಡಿಪೋ’ ಎಂದರೆ ಊರಿನವರಿಗೆ ಮೈದಾನ, ಮರಗಳ ನೆರಳು, ಬೆಳಗಿನ ವಾಯುವಿಹಾರ, ಆಗಾಗ ನಡೆಯುವ ಸಮಾರಂಭಗಳು. ಆಟೋದವನಿಗೆ ವಿಳಾಸ ಹೇಳಬೇಕಾದಾಗ ದಿನವೂ ಬಳಕೆಯಾಗುವ ಈ ಹೆಸರಿನಲ್ಲಿ ಯಾವ ವ್ಯಾಕ್ಸಿನ್, ಯಾತರ ಡಿಪೋ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಏಳುವುದಿಲ್ಲ.

ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಅವರ ತೋಳು ನೋಡಿದರೆ ಸಾಕು. ಭುಜದ ಕೆಳಗೆ ನಾಣ್ಯದಷ್ಟು ಅಗಲದ, ತುಸು ತಗ್ಗಾದ, ಸುಕ್ಕುಗಟ್ಟಿದ ಗುರುತೊಂದು ಕಾಣುತ್ತದೆ. ಕೆಲವರಲ್ಲಿ ಎರಡು, ಇನ್ನು ಕೆಲವರಲ್ಲಿ ನಾಲ್ಕು. ಉತ್ತರ ಕರ್ನಾಟಕದಲ್ಲಿ ಇದನ್ನು ‘ದೇವಿ ಹಾಕಿಸಿದ್ದು’ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆ ‘ದಾಕು ಹಾಕಿಸಿದ್ದು’ ಎನ್ನುವ ಮಾತಿತ್ತು. ಅದು ಸಿಡುಬಿನ ಲಸಿಕೆಯ ಗುರುತು. 1980ರ ನಂತರ ಹುಟ್ಟಿದವರ ತೋಳಿನಲ್ಲಿ ಅದು ಕಾಣುವುದಿಲ್ಲ. ಅವರಲ್ಲಿರುವ ಚಿಕ್ಕ ಗುರುತು ಕ್ಷಯರೋಗದ ವಿರುದ್ಧ ಕೊಡುವ ಬಿ.ಸಿ.ಜಿ. ಲಸಿಕೆಯದು.

ಸಿಡುಬು ಅಳಿದ ಕಥೆಯನ್ನು ಸಾಮಾನ್ಯವಾಗಿ ಜೆನ್ನರ್ ಎಂಬ ವೈದ್ಯನಿಂದ ಆರಂಭಿಸಿ ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆಯಿಂದ ಮುಗಿಸುತ್ತಾರೆ. ಈ ಎರಡರ ನಡುವೆ 184 ವರ್ಷಗಳ ಅಂತರವಿದೆ. ಮದ್ದು ಕೈಯಲ್ಲಿದ್ದೂ ಇಷ್ಟು ಕಾಲ ಏಕೆ ಹಿಡಿಯಿತು? ಜನರ ಮೂಢನಂಬಿಕೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿರುವ ಉತ್ತರ. ಅದರಲ್ಲಿ ಸ್ವಲ್ಪ ಸತ್ಯವಿದ್ದೀತು. ಆದರೆ ನಮ್ಮಂಥ ಉಷ್ಣ ದೇಶಗಳಲ್ಲಿ ಅದಕ್ಕಿಂತ ದೊಡ್ಡ ಕಾರಣವೊಂದಿತ್ತು. ಲಸಿಕೆ ಎಂಬುದು ಜೀವವಿರುವ ವಸ್ತು, ಬಿಸಿಲಿಗೆ ಅದು ಸಾಯುತ್ತಿತ್ತು.

ತೋಳಿನಿಂದ ತೋಳಿಗೆ

ಸಿಡುಬು ಬಂದ ಮೂವರಲ್ಲಿ ಒಬ್ಬರು ಸಾಯುವಷ್ಟು ಕ್ರೂರ ರೋಗ. ಬದುಕಿದವರ ಮುಖದ ಮೇಲೆ ಕುಳಿಗಳು ಉಳಿಯುತ್ತಿದ್ದವು, ಕೆಲವರ ಕಣ್ಣು ಹೋಗುತ್ತಿತ್ತು. ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಎಂಬುದನ್ನು ಭಾರತ, ಚೀನಾ, ತುರ್ಕಿ, ಆಫ್ರಿಕಗಳ ಜನ ಬಹು ಹಿಂದೆಯೇ ಕಂಡುಕೊಂಡಿದ್ದರು. ಲಘುವಾಗಿ ಸಿಡುಬೆದ್ದವರ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ತಾಗಿಸುವ ಪದ್ಧತಿ ಬಂಗಾಳ ಮೊದಲಾದೆಡೆ ಟೀಕಾದಾರರೆಂಬ ವೃತ್ತಿಯವರ ಕೈಯಲ್ಲಿತ್ತು. ಬಹುಮಂದಿ ಇದರಿಂದ ಪಾರಾಗುತ್ತಿದ್ದರು. ಆದರೆ ಚುಚ್ಚಿದ್ದು ನಿಜವಾದ ಸಿಡುಬನ್ನೇ ಆದ್ದರಿಂದ ಕೆಲವರು ಸಾಯುತ್ತಿದ್ದರು, ಅವರಿಂದ ಇತರರಿಗೆ ರೋಗ ಹರಡುವುದೂ ಇತ್ತು.

1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಚುಚ್ಚಿದ. ಆ ಗುಳ್ಳೆ ಆಕೆಗೆ ಹಸುವಿನ ಕೆಚ್ಚಲಿನಿಂದ ಬಂದದ್ದು. ಮುಂದೆ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಚುಚ್ಚಿದಾಗಲೂ ರೋಗ ಬರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ವಾಕ್ಕಾ’ ಎಂದರೆ ಹಸು. ವ್ಯಾಕ್ಸಿನ್ ಎಂಬ ಶಬ್ದ ಹುಟ್ಟಿದ್ದು ಅದರಿಂದಲೇ.

ಮದ್ದು ಸಿಕ್ಕಿತು, ಸಾಗಿಸುವುದು ಹೇಗೆ? ದಾರಕ್ಕೆ ರಸ ಹಚ್ಚಿ ಒಣಗಿಸಿದರು, ಎರಡು ಗಾಜಿನ ಹಲ್ಲೆಗಳ ನಡುವೆ ಇಟ್ಟು ಮೇಣದಿಂದ ಮುಚ್ಚಿದರು. ಇಂಗ್ಲೆಂಡಿನಿಂದ ಆಫ್ರಿಕದ ತುದಿ ಸುತ್ತಿ ಹಡಗು ಭಾರತ ಮುಟ್ಟುವ ಹೊತ್ತಿಗೆ ಅದರಲ್ಲಿ ಸತ್ವ ಉಳಿಯುತ್ತಿರಲಿಲ್ಲ. ಕೊನೆಗೆ ಗೆದ್ದದ್ದು ಇನ್ನೊಂದು ದಾರಿ. ವಿಯೆನ್ನಾದ ವೈದ್ಯ ಜ್ಯಾಂ ದ ಕಾರೋ ಕಳಿಸಿದ ರಸ ಕಾನ್‌ಸ್ಟಾಂಟಿನೋಪಲ್ ಕಡೆಯಿಂದ ಬಾಗ್ದಾದ್ ತಲುಪಿತು. ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಹಡಗೇರಿ ಮುಂಬಯಿಗೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಚುಚ್ಚುತ್ತ ಅದನ್ನು ಜೀವಂತ ತಂದರು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಫಲಿಸಿತು. ಪುಣೆ, ಹೈದರಾಬಾದ್, ಮದರಾಸುಗಳಿಗೆ ಹರಡಿದ ಲಸಿಕೆಯ ಮೂಲ ಈ ಮಗುವಿನ ತೋಳು.

ಮರುವರ್ಷ ಸ್ಪೇನಿನ ದೊರೆ ಅಮೆರಿಕ ಖಂಡದ ತನ್ನ ವಸಾಹತುಗಳಿಗೆ ಲಸಿಕೆ ಕಳಿಸಿದ್ದೂ ಹೀಗೆಯೇ. ಹಡಗಿನಲ್ಲಿ 22 ಅನಾಥ ಬಾಲಕರಿದ್ದರು. ಒಂಬತ್ತು ಹತ್ತು ದಿನಗಳಿಗೊಮ್ಮೆ ಇಬ್ಬರಿಗೆ ಚುಚ್ಚುತ್ತ ಅಟ್ಲಾಂಟಿಕ್ ಸಾಗರ ದಾಟಿದರು. ಲಸಿಕೆಗೆ ಅಂದು ಇದ್ದ ಸುರಕ್ಷಿತ ಪಾತ್ರೆ ಮಗುವಿನ ಮೈಯೊಂದೇ.

ಮೈಸೂರಿಗೂ ಆ ಕಾಲದಲ್ಲೇ ಲಸಿಕೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡದ್ದು ಸಿಡುಬಿನಿಂದಲೇ. ಅದೇ ವರ್ಷ ಜೆನ್ನರ್ ತನ್ನ ಪ್ರಯೋಗ ನಡೆಸಿದ್ದು ಕಾಕತಾಳೀಯ. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ರಾಜವಂಶದ ಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿರುವಂತಿದೆ. ಆಕೆ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಅರಮನೆಯೇ ಹಾಕಿಸಿಕೊಂಡಿದೆ ಎಂದರೆ ಪ್ರಜೆಗಳಿಗೆ ಧೈರ್ಯ ಬಂದೀತು ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬೇಕು.

ಜನ ಹಿಂಜರಿದದ್ದೇಕೆ?

ಪ್ರಜೆಗಳ ಹಿಂಜರಿಕೆಯನ್ನು ಬ್ರಿಟಿಷ್ ಅಧಿಕಾರಿಗಳು ತಮ್ಮ ವರದಿಗಳಲ್ಲಿ ಅಜ್ಞಾನದ ಲೆಕ್ಕಕ್ಕೆ ಬರೆದರು. ಸಿಡುಬನ್ನು ಜನ ದೇವಿಯೆಂದು ಕರೆದದ್ದು, ಅವಳು ಮನೆಗೆ ಬಂದಾಗ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ತಂಪು ನೈವೇದ್ಯ ಮಾಡಿ ಶಾಂತಿ ಕೋರಿದ್ದು ನಿಜ. ಆದರೆ ಅದೇ ಜನ ಟೀಕಾದಾರನಿಂದ ಚುಚ್ಚಿಸಿಕೊಳ್ಳುತ್ತಲೂ ಇದ್ದರು. ದೇವಿಯ ಮೇಲಿನ ಭಕ್ತಿ ಆ ಚುಚ್ಚುವಿಕೆಗೆ ಅಡ್ಡ ಬಂದಿರಲಿಲ್ಲ.

ಸರಕಾರಿ ಲಸಿಕೆಯ ವಿಷಯದಲ್ಲಿ ಆಕ್ಷೇಪಗಳು ಬೇರೆಯೇ ಇದ್ದವು. ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿಯಲ್ಲಿ ಲಸಿಕೆ ಹಾಕಿಸಿಕೊಂಡ ಕೂಸನ್ನು ಎಂಟನೆಯ ದಿನ ಮತ್ತೆ ತರಬೇಕು. ಕೆಂಪೇರಿ ಉಬ್ಬಿದ ಅದರ ಗುಳ್ಳೆಯನ್ನು ಒಡೆದು, ರಸ ಹಿಂಡಿ, ಸಾಲಾಗಿ ಕೂತ ಇತರ ಮಕ್ಕಳಿಗೆ ಚುಚ್ಚಬೇಕು. ಅಳುವ ಕೂಸನ್ನು ಇನ್ನೊಂದು ಹಳ್ಳಿಗೆ ಹೊತ್ತೊಯ್ಯಬೇಕಾದ ಸಂದರ್ಭವೂ ಬರುತ್ತಿತ್ತು. ಯಾವ ತಾಯಿ ಒಪ್ಪಿಯಾಳು? ಹೀಗಾಗಿ ರಸ ಕೊಡುವ ಮಕ್ಕಳಾಗಿ ಸಿಗುತ್ತಿದ್ದವರು ಹೆಚ್ಚಾಗಿ ಬಡವರ, ಕೆಳಜಾತಿಗಳೆನಿಸಿದವರ ಮಕ್ಕಳು. ಆ ರಸ ತಮ್ಮ ಮಕ್ಕಳ ಮೈಗೆ ಬೇಡವೆಂದು ಮೇಲ್ಜಾತಿಯವರು ತಕರಾರು ತೆಗೆಯುತ್ತಿದ್ದರು. ಒಬ್ಬರ ರಕ್ತದ ಕಾಯಿಲೆ ಇನ್ನೊಬ್ಬರಿಗೆ ತಗಲೀತೆಂಬ ಭಯಕ್ಕೂ ಆಧಾರವಿತ್ತು. ಯುರೋಪಿನಲ್ಲಿ ಇದೇ ಪದ್ಧತಿಯಿಂದ ಮೇಹರೋಗ ಹರಡಿದ ಪ್ರಕರಣಗಳು ವರದಿಯಾಗಿದ್ದವು.

ಎಲ್ಲಕ್ಕಿಂತ ಮುಖ್ಯವಾದ ಕಾರಣ, ಹಾಕಿಸಿಕೊಂಡರೂ ಸಿಡುಬು ಬರುತ್ತಿದ್ದದ್ದು. ಸರಕಾರದ ದಾಖಲೆಯಲ್ಲಿ ಲಸಿಕೆ ಪಡೆದ ಮಗು, ದೇವಿಗೆ ತುತ್ತಾಗುತ್ತಿತ್ತು. ಅದಕ್ಕೆ ಚುಚ್ಚಿದ್ದು ಹಾದಿಯ ಬಿಸಿಲಿನಲ್ಲಿ ಆಗಲೇ ಸತ್ತಿದ್ದ ರಸ. ಸಿಡುಬು ನಮ್ಮ ದೇಶದಲ್ಲಿ ವಸಂತದಿಂದ ಬೇಸಗೆಯವರೆಗೆ ಉಲ್ಬಣಿಸುವ ರೋಗ. ಬಂಗಾಳಿಯಲ್ಲಿ ಅದರ ಹೆಸರೇ ವಸಂತ ರೋಗ. ಲಸಿಕೆಗೆ ಅದೇ ಕಾಲ ಕೆಟ್ಟದ್ದು. ಆದ್ದರಿಂದ ಲಸಿಕೆ ಹಾಕುವ ಕೆಲಸವನ್ನು ಅನೇಕ ಪ್ರಾಂತಗಳಲ್ಲಿ ಚಳಿಗಾಲಕ್ಕೆ ಸೀಮಿತಗೊಳಿಸಿದ್ದರು. ರೋಗ ಮನೆ ಬಾಗಿಲಿಗೆ ಬಂದಾಗ ಮದ್ದು ಇರುತ್ತಿರಲಿಲ್ಲ, ಇದ್ದರೂ ಹಿಡಿಯುತ್ತಿರಲಿಲ್ಲ. ಇಂಥ ಲಸಿಕೆಯನ್ನು ಜನ ನಂಬದೆ ಹೋದದ್ದು ಅನುಭವದ ಮಾತೇ ಆಗಿತ್ತು.

ಕರು ಬಂತು, ಡಿಪೋ ಬಂತು

19ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ವೈದ್ಯರ ಮಾರ್ಗವನ್ನು ಇತರ ದೇಶಗಳೂ ಅನುಸರಿಸಿದವು. ಮಗುವಿನ ಬದಲು ಕರುವಿನ ಮೈಯಲ್ಲೇ ಲಸಿಕೆ ಬೆಳೆಸುವುದು ಆ ಮಾರ್ಗ. ಆಕಳ ಅಥವಾ ಎಮ್ಮೆಯ ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಚರ್ಮವನ್ನು ಸಣ್ಣಗೆ ಗೀರಿ ಬೀಜರಸ ಸವರುತ್ತಾರೆ. ಕೆಲವು ದಿನಗಳಲ್ಲಿ ಗುಳ್ಳೆಗಳೆದ್ದಾಗ ಕೆರೆದು ತೆಗೆದು ಅರೆಯುತ್ತಾರೆ. ಒಂದು ಕರುವಿನಿಂದ ಸಾವಿರಾರು ಜನಕ್ಕೆ ಸಾಕಾಗುವಷ್ಟು ಲಸಿಕೆ ಸಿಗುತ್ತದೆ. ಕೂಸಿನ ತೋಳನ್ನು ಹಿಂಡುವ ಕೆಲಸ ತಪ್ಪಿತು, ಜಾತಿಯ ತಕರಾರೂ ಬಹುಮಟ್ಟಿಗೆ ಕುಗ್ಗಿತು. ಅದಕ್ಕೆ ಗ್ಲಿಸರಿನ್ ಬೆರೆಸಿದರೆ ಇತರ ಕ್ರಿಮಿಗಳು ಸಾಯುತ್ತವೆ, ಲಸಿಕೆ ಉಳಿಯುತ್ತದೆ ಎಂದು ಲಂಡನ್ನಿನ ಮಾಂಕ್ಟನ್ ಕೋಪ್‌ಮನ್ 1891ರಲ್ಲಿ ತೋರಿಸಿದ. ಮದರಾಸಿನಲ್ಲಿ ಡಬ್ಲ್ಯು.ಜಿ. ಕಿಂಗ್ ಎಂಬ ವೈದ್ಯಾಧಿಕಾರಿ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನಲ್ಲಿ ಅರೆದು ನೋಡಿದ. ಅವನ ಹೆಸರಿನ ಗಿಂಡಿಯ ಕಿಂಗ್ ಸಂಸ್ಥೆ 1899ರಲ್ಲಿ ಆರಂಭವಾಯಿತು.

ಬೆಂಗಳೂರಿನ ಲಸಿಕಾ ಕೇಂದ್ರದ ಇತಿಹಾಸದಲ್ಲಿ ಡಾಕ್ಟರ್ ಪಲ್ಪು ಅವರ ಹೆಸರಿದೆ. ತಿರುವಾಂಕೂರಿನ ಈಳವ ಜಾತಿಯಲ್ಲಿ 1863ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯ ಪದವಿ ಪಡೆದರೂ ಹುಟ್ಟಿದ ಸಂಸ್ಥಾನ ಜಾತಿಯ ಕಾರಣಕ್ಕೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬೆಂಗಳೂರಿನಲ್ಲಿ ಲಸಿಕೆ ತಯಾರಿಕೆಯ ಹೊಣೆ ಹೊತ್ತರು, 1898ರಲ್ಲಿ ಪ್ಲೇಗು ಬಂದಾಗ ರೋಗಿಗಳ ನಡುವೆ ದುಡಿದರು. ಮುಂದೆ ನಾರಾಯಣ ಗುರುಗಳ ಜೊತೆ ನಿಂತು ಕೇರಳದ ಸಾಮಾಜಿಕ ಚಳವಳಿಯನ್ನು ಕಟ್ಟಿದರು. ಯಾರ ತೋಳಿನ ರಸ ಎಂದು ಜಾತಿ ನೋಡುತ್ತಿದ್ದ ಕಾಲದಲ್ಲಿ, ಜಾತಿಯ ಕಾರಣಕ್ಕೆ ತಿರಸ್ಕೃತನಾದ ವೈದ್ಯರೊಬ್ಬರು ಎಲ್ಲರ ಮಕ್ಕಳಿಗೂ ಲಸಿಕೆ ಮಾಡಿಸುತ್ತಿದ್ದರು.

ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 20ನೆಯ ಶತಮಾನದ ಆರಂಭದಲ್ಲಿ ಟಿಳಕವಾಡಿಯಲ್ಲಿ ಪ್ರಾಂತದ ಲಸಿಕಾ ಕೇಂದ್ರ ನೆಲೆಗೊಂಡಿತು. ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದ ಈ ಊರಿನ ತಂಪು ಹವೆ, ಸುತ್ತಲಿನ ಮೇವು ಮತ್ತು ದನಕರು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು. ಮುಂಬಯಿಗೂ ಮೈಸೂರಿನ ಕಡೆಗೂ ರೈಲು ಇತ್ತು. ಕರುಗಳ ಕೊಟ್ಟಿಗೆ, ಅರೆಯುವ ಕೋಣೆ, ಗಾಜಿನ ಸಣ್ಣ ಕೊಳವೆಗಳಿಗೆ ತುಂಬುವ ಕೆಲಸ, ಕಳಿಸುವ ವ್ಯವಸ್ಥೆ ಇವೆಲ್ಲ ಕೂಡಿದ ತಾಣವನ್ನು ಜನ ‘ಡಿಪೋ’ ಎಂದರು.

ಡಿಪೋದಲ್ಲಿ ಲಸಿಕೆ ಚೆನ್ನಾಗಿಯೇ ಇರುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದು ಗೇಟು ದಾಟಿದ ಮೇಲೆ. ದ್ರವರೂಪದ ಈ ಲಸಿಕೆ ಮಂಜುಗಡ್ಡೆಯಲ್ಲಿದ್ದರೆ ತಿಂಗಳುಗಟ್ಟಲೆ ಬಾಳುತ್ತದೆ, ಬಿಸಿಲಿನ ತಾಪದಲ್ಲಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ಟಿಳಕವಾಡಿಯಿಂದ ಖಾನಾಪುರ ಒಂದು ದಿನದ ಮಾತು. ಅಲ್ಲಿಂದ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಕಾಡುಹಳ್ಳಿಗಳಿಗೆ, ಇಲ್ಲವೇ ಪೂರ್ವದ ಬಯಲುಸೀಮೆಯ ಸುಡುನೆಲಕ್ಕೆ, ಲಸಿಕೆಯವನು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಹೋಗಬೇಕು. ಅವನ ಚೀಲದಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ತಾಲ್ಲೂಕು ಕೇಂದ್ರದಲ್ಲೇ ವಿದ್ಯುತ್ ಇಲ್ಲದ ಕಾಲವದು.

ನೀರನ್ನು ತೆಗೆದ ಉಪಾಯ

ಪರಿಹಾರ ದೊರೆತದ್ದು 1950ರ ದಶಕದಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಲಸಿಕೆಯನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ಕ್ರಮವನ್ನು ಸುಧಾರಿಸಿದರು. ಮಂಜಾದ ನೀರು ಕರಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಲಸಿಕೆ ಪುಡಿಯಾಗಿ ಉಳಿಯುತ್ತದೆ. ಪೆಪ್ಟೋನ್ ಎಂಬ ಪದಾರ್ಥವನ್ನು ಬೆರೆಸಿದಾಗ ವೈರಾಣು ಕೆಡದೆ ನಿಲ್ಲುತ್ತಿತ್ತು. ಗಾಜಿನ ಕುಪ್ಪಿಯಲ್ಲಿ ಮುಚ್ಚಿದ ಈ ಪುಡಿಯನ್ನು 37 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಒಂದು ತಿಂಗಳಿಟ್ಟರೂ ಶಕ್ತಿ ಕುಂದುತ್ತಿರಲಿಲ್ಲ. ಚುಚ್ಚುವ ಮುನ್ನ ದ್ರವ ಬೆರೆಸಿದರೆ ಸಾಕು. ಉಷ್ಣ ದೇಶಗಳ ಹಳ್ಳಿಗೆ ತಕ್ಕ ಲಸಿಕೆ, ಜೆನ್ನರನ ಪ್ರಯೋಗವಾಗಿ ಒಂದೂವರೆ ಶತಮಾನದ ನಂತರ, ಹೀಗೆ ಕೈಗೆ ಬಂತು.

ಸೋವಿಯತ್ ಒಕ್ಕೂಟದ ಸಲಹೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ 1959ರಲ್ಲಿ ಸಿಡುಬು ನಿರ್ಮೂಲನದ ಗುರಿ ಇಟ್ಟುಕೊಂಡಿತು. ಭಾರತ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಒಣ ಲಸಿಕೆಯ ಕೋಟಿಗಟ್ಟಲೆ ಡೋಸುಗಳು ಸೋವಿಯತ್ ಒಕ್ಕೂಟದಿಂದ ದಾನವಾಗಿ ಬಂದವು. ಆದರೆ ಇಷ್ಟು ದೊಡ್ಡ ದೇಶ ದಾನದ ಮೇಲೆ ಎಷ್ಟು ದಿನ ನಡೆದೀತು? ದೇಶದೊಳಗೆ ಒಣ ಲಸಿಕೆ ತಯಾರಿಸುವ ಹೊಣೆ ನಾಲ್ಕು ಸಂಸ್ಥೆಗಳ ಮೇಲೆ ಬಿತ್ತು. ಮದರಾಸಿನ ಗಿಂಡಿ, ಹೈದರಾಬಾದ್, ನೈನಿತಾಲ್ ಬಳಿಯ ಪಟ್ವಾಡಾಂಗರ್, ನಾಲ್ಕನೆಯದು ಬೆಳಗಾವಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಊರಿನ ಜೊತೆಗೆ ಡಿಪೋ ಕೂಡ ಮೈಸೂರು ರಾಜ್ಯಕ್ಕೆ ಸೇರಿತ್ತು.

ಹತಾರವೂ ಬದಲಾಯಿತು. ಅಲ್ಲಿಯವರೆಗೆ ಭಾರತದಲ್ಲಿ ಬಳಕೆಯಲ್ಲಿದ್ದದ್ದು ಹಲ್ಲುಗಳಿರುವ ಸಣ್ಣ ಬಿಲ್ಲೆ. ಲಸಿಕೆಯ ಹನಿಯಿಟ್ಟ ಚರ್ಮದ ಮೇಲೆ ಒತ್ತಿ ತಿರುಗಿಸುತ್ತಿದ್ದರು. ‘ದೇವಿ ಡಾಕ್ಟರ್’ ಬಂದರೆಂದರೆ ಮಕ್ಕಳು ಕಣಜದ ಹಿಂದೆ, ಅಟ್ಟದ ಮೇಲೆ ಅಡಗುತ್ತಿದ್ದ ನೆನಪುಗಳಿಗೆ ಈ ಬಿಲ್ಲೆಯೇ ಕಾರಣ. 1960ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ರೂಬಿನ್ ರೂಪಿಸಿದ ಕವಲು ಸೂಜಿ ಬಂತು. ಅದರ ಎರಡು ಮೊನೆಗಳ ನಡುವೆ ನಿಲ್ಲುವಷ್ಟೇ ಹನಿ ಸಾಕು, ಹದಿನೈದು ಸಲ ಲಘುವಾಗಿ ಚುಚ್ಚಿದರೆ ಕೆಲಸ ಮುಗಿಯಿತು. ಒಬ್ಬರಿಗೆ ಬೇಕಾಗುತ್ತಿದ್ದ ಲಸಿಕೆ ನಾಲ್ವರಿಗೆ ಬರುವಂತಾಯಿತು. ಎಲ್ಲರಿಗೂ ಹಾಕುವ ಹಟ ಬಿಟ್ಟು, ರೋಗ ಕಂಡಲ್ಲಿ ಅದರ ಸುತ್ತಲಿನವರನ್ನೆಲ್ಲ ಹುಡುಕಿ ಹಾಕುವ ಕ್ರಮಕ್ಕೆ ಈ ಲಸಿಕೆ, ಈ ಸೂಜಿ ಎರಡೂ ಒದಗಿಬಂದವು.

ಕೊನೆಯ ಹೋರಾಟ ಸುಲಭದ್ದೇನೂ ಆಗಿರಲಿಲ್ಲ. 1974ರಲ್ಲಿ ಬಿಹಾರದಲ್ಲಿ ರೋಗ ಭುಗಿಲೆದ್ದು ಆ ವರ್ಷ ದೇಶದಲ್ಲಿ 1.88 ಲಕ್ಷ ಪ್ರಕರಣಗಳು ದಾಖಲಾದವು. ಮನೆಮನೆ ಹುಡುಕಾಟ ಬಿರುಸಾಯಿತು. 1975ರ ಮೇ ತಿಂಗಳಲ್ಲಿ ಬಿಹಾರದ ಕಟಿಹಾರದಲ್ಲಿ ದೇಶದೊಳಗಿನ ಕೊನೆಯ ಪ್ರಕರಣ ಕಂಡಿತು. ಅದೇ ತಿಂಗಳು ಅಸ್ಸಾಮಿನ ಕರೀಂಗಂಜ್‌ನಲ್ಲಿ ಬಾಂಗ್ಲಾದೇಶದಿಂದ ಬಂದಿದ್ದ ಮಹಿಳೆಯೊಬ್ಬಳಲ್ಲಿ ಕಂಡದ್ದು ಭಾರತದ ನೆಲದ ಕಡೆಯ ಸಿಡುಬು. 1977ರಲ್ಲಿ ದೇಶ ಸಿಡುಬುಮುಕ್ತವೆಂದು ಅಂತರರಾಷ್ಟ್ರೀಯ ಆಯೋಗ ಪ್ರಮಾಣೀಕರಿಸಿತು. 1980ರ ಮೇ 8ರಂದು ಇಡೀ ಜಗತ್ತಿನ ಪರವಾಗಿ ಅದೇ ಘೋಷಣೆಯಾಯಿತು.

ಡಿಪೋದ ಮುಂದಿನ ಪ್ರಶ್ನೆ

ಗೆಲುವು ಬಂದ ದಿನವೇ ಸಿಡುಬಿನ ಲಸಿಕೆ ಮಾಡುವವರಿಗೆ ಕೆಲಸವಿಲ್ಲದಂತಾಯಿತು. ಟಿಳಕವಾಡಿಯ ಡಿಪೋಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಕರು ಸಾಕಿದವರ, ರಸ ಅರೆದವರ, ಕುಪ್ಪಿ ತುಂಬಿದವರ ಹೆಸರುಗಳು ಸಿಡುಬು ನಿರ್ಮೂಲನದ ಗ್ರಂಥಗಳಲ್ಲಿ ಇಲ್ಲ. ಸೈಕಲ್ ತುಳಿದ ದೇವಿ ಡಾಕ್ಟರರ ಹೆಸರುಗಳೂ ಇಲ್ಲ. ಉಳಿದಿರುವುದು ಮೈದಾನದ ಹೆಸರು ಮತ್ತು ಹಿರಿಯರ ತೋಳಿನ ಗುರುತು. ಸಿಡುಬಿನ ದಾಯಾದಿಯಾದ ಎಂಪಾಕ್ಸ್ 2022ರಲ್ಲಿ ಹಲವು ದೇಶಗಳಿಗೆ ಹಬ್ಬಿದಾಗ, ಹಳೆಯ ಲಸಿಕೆ ಪಡೆದವರಿಗೆ ಅದರಿಂದಲೂ ಸ್ವಲ್ಪ ರಕ್ಷಣೆಯಿದೆ ಎಂಬುದು ವೈದ್ಯರ ಗಮನಕ್ಕೆ ಮತ್ತೆ ಬಂತು.

ಬಿಸಿಲಿನ ಪ್ರಶ್ನೆ ಮಾತ್ರ ಸಿಡುಬಿನೊಂದಿಗೆ ಹೋಗಿಲ್ಲ. ಕೋವಿಡ್ ಕಾಲದಲ್ಲಿ ಶ್ರೀಮಂತ ದೇಶಗಳು ಮೊದಲು ಬಳಸಿದ ಲಸಿಕೆಗಳಲ್ಲೊಂದಕ್ಕೆ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೈತ್ಯ ಬೇಕಾಗಿತ್ತು. ನಮ್ಮ ಹಳ್ಳಿಗಳ ಆಸ್ಪತ್ರೆಗಳಿಗೆ ಅದು ಆಗದ ಮಾತು. ಸಾಮಾನ್ಯ ಶೀತಕದಲ್ಲಿ ಬಾಳುವ ಲಸಿಕೆ ಇಲ್ಲಿನ ಜನರಿಗೆ ಒದಗಿತು. 2021ರ ಜನವರಿಯಲ್ಲಿ ಕರ್ನಾಟಕಕ್ಕೆ ಅದರ ಮೊದಲ ಕಂತು ಬಂದಾಗ ಇಳಿಸಿಕೊಂಡ ಎರಡು ಊರುಗಳು ಬೆಂಗಳೂರು ಮತ್ತು ಬೆಳಗಾವಿ. ಪುಣೆಯಿಂದ ಬಂದ ಪೆಟ್ಟಿಗೆಗಳು ಬೆಳಗಾವಿಯಿಂದ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಹೊರಟವು. ಶೀತಕದ ವಾಹನ, ತಾಪ ತೋರಿಸುವ ಮಾಪಕ, ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್, ಅಲ್ಲಿಂದ ಆಶಾ ಕಾರ್ಯಕರ್ತೆಯ ಹಳ್ಳಿ. ನೂರು ವರ್ಷಗಳ ಹಿಂದೆ ಲಸಿಕೆಯವನು ಚೀಲ ಹೊತ್ತು ಖಾನಾಪುರದ ಹಾದಿ ಹಿಡಿದಾಗ ಇಲ್ಲದಿದ್ದುದು ಇಷ್ಟೇ.